ತರಕಾರಿ ಗಾಡಿಯ ವಾರ

ಕಳೆದ ವಾರ ಮೆಟ್ರೋದಲ್ಲಿ ನನ್ನ ಪಕ್ಕ ಒಬ್ಬ ಹಿರಿಯರು ಬಂದು ಕೂತರು. ಅವರ ಮೈಯಿಂದ ಎಳ್ಳೆಣ್ಣೆಯಲ್ಲಿ ಬೇರುಗಳನ್ನು ಕುದಿಸಿದ ವಾಸನೆ ಬರುತ್ತಿತ್ತು. ಲಕ್ವಾ ಹೊಡೆದವರಿಗೆ ತಿಕ್ಕುವ ಆಯುರ್ವೇದದ ತೈಲ. ನನಗೆ ತಟ್ಟನೆ ನೆನಪಾದದ್ದು ವಿಡಿಯೋ ಗೇಮಿನ ಕಂಟ್ರೋಲರ್. ಅದರ ಎಡಗಡೆಯ ಗುಂಡಿಗೆ ಒಂದು ಕಾಲದಲ್ಲಿ ಇದೇ ವಾಸನೆ ಅಂಟಿಕೊಂಡಿತ್ತು. ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ... ಅಥವಾ ನಾನು ಒರೆಸಲೇ ಇಲ್ಲವೋ ಏನೋ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನೆ ಮಾಡುತ್ತಿದ್ದೆ. ಮಾಡುವುದಕ್ಕಿಂತ ಮುಂದೂಡಿದ್ದೇ ಹೆಚ್ಚು. ದಿಲ್‌ಸುಖ್‌ನಗರದ ಅಪಾರ್ಟ್‌ಮೆಂಟೊಂದರಲ್ಲಿ ಬಾಡಿಗೆಗಿದ್ದೆ. ಎದುರು ಮನೆಯಲ್ಲಿ ಸಿಂದಗಿ ಕಡೆಯ ಗಂಡ ಹೆಂಡತಿ ಇಬ್ಬರೇ ಇದ್ದರು. ಅವರನ್ನು ಕಾಕಾ, ಕಾಕು ಎಂದೇ ಕರೆಯುತ್ತಿದ್ದೆ. ಕಾಕಾ ಶಂಶಾಬಾದಿನ ವಿಮಾನ ನಿಲ್ದಾಣಕ್ಕೆ ಸ್ವಂತ ಟ್ಯಾಕ್ಸಿ ಓಡಿಸುತ್ತಿದ್ದವರು. ಲಕ್ವಾ ಹೊಡೆದು ಎಡಗೈ ಹೋಗಿತ್ತು. ಮಾತು ಉಳಿದಿತ್ತು, ಕಾಲು ಸ್ವಲ್ಪ ಎಳೆಯುತ್ತಿತ್ತು.

"ಬಲಗೈ ಹೋಗಿದ್ರ ಕಾಕು ತುತ್ತು ಮಾಡಿ ಉಣಸ್ತಿದ್ಲು, ಚಿಂತಿ ಇರ್ಲಿಲ್ಲ. ಇದು ಗೇರ್ ಹಾಕೋ ಕೈ ನೋಡು," ಎನ್ನುತ್ತಿದ್ದರು.

ಟ್ಯಾಕ್ಸಿ ಕೆಳಗೆ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ನಿಂತಿತ್ತು.

ಬೆರಳು ಆಡಿಸುತ್ತಿರಬೇಕೆಂದು ಫಿಸಿಯೋಥೆರಪಿಯವರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಕಾಕಾಗೆ ಅದು ಬೇಗ ಬೇಸರವಾಯಿತು. ಒಂದು ಸಂಜೆ ನಾನು ಕಾರಿನ ರೇಸ್ ಆಡುವುದನ್ನು ಬಾಗಿಲಲ್ಲಿ ನಿಂತು ನೋಡಿದವರು ಒಳಗೆ ಬಂದು ಕೂತೇಬಿಟ್ಟರು. ಸ್ಟೀರಿಂಗ್ ಎಡ ಹೆಬ್ಬೆರಳಿನಲ್ಲಿ, ಆಕ್ಸಿಲರೇಟರ್ ಬಲ ತೋರುಬೆರಳಿನಲ್ಲಿ ಎಂದು ವಿವರಿಸಿದೆ.

"ಅಂದ್ರ ನನ್ನ ಸಲುವಾಗೇ ಮಾಡ್ಯಾರ," ಎಂದರು.

ಆ ಆಟದಲ್ಲಿ ವಾರಕ್ಕೊಂದು ಹೊಸ ಸವಾಲು ಬರುತ್ತಿತ್ತು. ಗ್ಯಾರೇಜಿನಲ್ಲಿ ಸುಮ್ಮನೆ ಬಿದ್ದಿರುವ, ಯಾರೂ ಮುಟ್ಟದ ಗಾಡಿಯೊಂದನ್ನು ಅದು ಆರಿಸಿಕೊಡುತ್ತಿತ್ತು. ಆ ಗಾಡಿಯಲ್ಲೇ ಮೂರು ರೇಸು ಮುಗಿಸಬೇಕು, ಮೂರರಲ್ಲೂ ಮೊದಲ ಮೂವರೊಳಗೆ ಬರಬೇಕು. ವಾರ ಕಳೆದರೆ ಸವಾಲು ಮಾಯ. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಒಂದೇ ಒಂದು ಕೆಂಪು ಕಾರನ್ನು ಓಡಿಸಿಕೊಂಡಿದ್ದೆ. ಕಾಕಾ ಗ್ಯಾರೇಜಿನ ಸಾಲು ನೋಡಿ ಬೈದರು.

"ಇಷ್ಟು ಗಾಡಿ ಇಟ್ಕೊಂಡು ಒಂದನ್ನ ಓಡಸ್ತಿಯಲ್ಲೋ, ನವಾಬ! ಉಳದಾವೇನು ಪಾಪ ಮಾಡ್ಯಾವು?"

ಅವರಿಗೆ ಆ ಮೂಲೆಯ ಗಾಡಿಗಳೇ ಬೇಕಾದವು. ಒಂದು ವಾರ ಹಳೆಯ ಜೀಪು, ಇನ್ನೊಂದು ವಾರ ಉದ್ದ ಬಾಡಿಯ ಮಬ್ಬು ಹಸಿರು ಕಾರು. ಗೋಡೆಗೆ ಗುದ್ದಿದರು, ಹೊಲಕ್ಕೆ ನುಗ್ಗಿಸಿದರು. ಒಂದು ಸವಾಲೂ ಪೂರ್ತಿಯಾಗಲಿಲ್ಲ. ಇದೊಂದು ತಿರುವು ನಾನು ದಾಟಿಸಿಕೊಡಲೇ ಎಂದರೆ ಕಂಟ್ರೋಲರನ್ನು ಎದೆಗೆ ಅವಚಿಕೊಳ್ಳುತ್ತಿದ್ದರು.

ಕಾಕುಗೆ ಟ್ಯಾಕ್ಸಿ ಮಾರಬೇಕಿತ್ತು. ಪಟಾನ್‌ಚೆರುವಿನಿಂದ ಒಬ್ಬ ತೆಲುಗು ಹುಡುಗ ಆ ಭಾನುವಾರ ನೋಡಲು ಬರುವವನಿದ್ದ. ಜಗಳ ನನ್ನ ಮನೆಯಲ್ಲೇ, ಟಿವಿಯ ಮುಂದೆಯೇ ನಡೆಯಿತು.

"ನಿಂತಲ್ಲೇ ಜಂಗ್ ಹಿಡ್ಯಾಕತ್ತೈತ್ರಿ. ಓಡಸೋರಾದ್ರೂ ಓಡಸ್ಲಿ," ಎಂದರು ಕಾಕು.

"ತಡಿ, ನಾನ ಓಡಸ್ತೀನಿ. ಕೈ ಬರಾಕತ್ತೈತಿ."

"ಟೀವಿಯೊಳಗಿನ ಗಾಡೀನ ನೆಟ್ಟಗ ಹೋಗವಲ್ದು, ಏರ್‌ಪೋರ್ಟಿಗೆ ಹೊಂಟ್ರು! ಈ ವಾರದ್ದು ಒಂದ ಪೂರ್ತಿ ಮಾಡಿ ತೋರಸ್ರಿ. ಮತ್ತ ಮಾರೋ ಮಾತು ನನ್ನ ಬಾಯಾಗ ಬರಂಗಿಲ್ಲ."

ಕಾಕಾ ನನ್ನ ಕಡೆ ತಿರುಗಿದರು. "ಪಿಎಚ್‌ಡಿ ಸಾಹೇಬ್ರ, ಕೇಳಿದ್ರಿಲ್ಲೋ? ನೀವ ಸಾಕ್ಷಿ."

ಆ ವಾರ ಬಂದದ್ದು ಚೌಕಾಕಾರದ ಒಂದು ಪುಟ್ಟ ಸಾಮಾನು ವ್ಯಾನ್. "ಅಯ್ಯ, ಇದು ತರಕಾರಿ ಗಾಡಿ ಅಲ್ಲೇನೋ!" ಎಂದು ಕಾಕಾ ನಕ್ಕರು. ಆದರೆ ಅದರ ನಿಧಾನ ಅವರ ಕೈಗೆ ಒಗ್ಗಿತು. ಶನಿವಾರದ ಹೊತ್ತಿಗೆ ಎರಡು ರೇಸು ಮುಗಿದಿದ್ದವು. ಆ ಸಂಜೆ ಮೂರನೆಯದಕ್ಕೆ ಕೂತರು. ಕೊನೆಗೆ ಸೇತುವೆ ದಾಟಿ ಎಡಕ್ಕೆ ಒಂದು ಕಡಿದಾದ ತಿರುವು. ವ್ಯಾನ್ ವಾಲಿತು, ತಡೆಗಂಬಿಯನ್ನು ಸವರಿತು, ಮೂರನೆಯದಾಗಿ ಗೆರೆ ದಾಟಿತು. ನಾನು ಕೂಗಿದೆ. ಕಾಕಾ ನಗಲಿಲ್ಲ. ತಮ್ಮ ಎಡಗೈಯನ್ನು ನೋಡುತ್ತಿದ್ದರು.

"ತಿರುಗಿತಲ್ರಿ ಕಾಕಾ!"

"ತಿರುಗ್ತು. ಗಾಡಿ ತಿರುಗಿದ್ದು ನೋಡಿದ ಮ್ಯಾಲ ಕೈ ತಿರುಗೈತಿ ಅಂತ ಗೊತ್ತಾತು. ಕೈಯಿಂದ ನನಗ ಸುದ್ದಿನ ಬರೂದಿಲ್ಲ." ಕಂಟ್ರೋಲರನ್ನು ಕೆಳಗಿಟ್ಟರು. "ರೋಡಿನ್ಯಾಗ ಮಂದಿ ಇರ್ತಾರೋ ತಮ್ಮಾ. ಬರ್ಲಿ ಆ ಪಟಾನ್‌ಚೆರು ಹುಡುಗ."

ಮರುವರ್ಷ ಎರಡನೆಯ ಸಲ ಲಕ್ವಾ ಹೊಡೆದು ಕಾಕಾ ತೀರಿಕೊಂಡರು. ಕಾಕು ಸಿಂದಗಿಗೆ, ತಂಗಿಯ ಮನೆಗೆ ಹೋದರು. ಗೆದ್ದವರೇ ಗಾಡಿ ಬಿಟ್ಟುಕೊಟ್ಟ ಈ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿ ಹೇಳಿ ನುಣುಪಾದ ನೆನಪನ್ನು ನಂಬಬಾರದು ಎಂದು ಓದಿದವನು ನಾನು. ಮೆಟ್ರೋ ಇಳಿದು ಕಾಕುಗೆ ಫೋನ್ ಮಾಡಿದೆ. ಆ ಶನಿವಾರದ ಮಾತು ತೆಗೆದೆ.

"ಮುಗಿಸಿದ್ರಾ? ಯಾರು ಹೇಳಿದ್ರು ನಿನಗ? ಕಡೀ ರೇಸಿನ್ಯಾಗ ಕರೆಂಟ್ ಹೋತಲ್ಲೋ. ಬಂದ ಮ್ಯಾಲ ಮತ್ತ ಆಡ್ಲಿಲ್ಲ ಅವ್ರು. ಸೋತೆ ಅಂದ್ರು, ಆತು."

ಕಾಕು ಅಂದು ಬಾಗಿಲಲ್ಲೇ ನಿಂತಿದ್ದರಂತೆ. ನನಗೆ ಅವರು ಅಲ್ಲಿದ್ದ ನೆನಪೇ ಇಲ್ಲ. ನನಗೆ ಇದು ಸಣ್ಣ ವ್ಯತ್ಯಾಸವಲ್ಲ. ನಾನು ಕಂಡದ್ದು ನಿಜವಾದರೆ ಕಾಕಾ ತಾವೇ ಯೋಚಿಸಿ ಗಾಡಿ ಬಿಟ್ಟರು. ಕಾಕು ಹೇಳಿದ್ದು ನಿಜವಾದರೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಿಟ್ಟರು. ಕೈಯಿಂದ ಸುದ್ದಿ ಬರುವುದಿಲ್ಲ ಎಂಬ ಮಾತು ಅವರದೋ, ನಾನೇ ಆಮೇಲೆ ಅವರ ಬಾಯಲ್ಲಿ ಇಟ್ಟದ್ದೋ... ಹೇಳಬಹುದಾಗಿದ್ದವರು ಈಗಿಲ್ಲ.

ಭಾನುವಾರದ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರು ಬರಲಿಲ್ಲ. ಫೋನಿನಲ್ಲಿ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹೇಳಿದೆವು. ಹೊದಿಕೆ ತೆಗೆದ ಟ್ಯಾಕ್ಸಿಯ ಮುಂದೆ ನಾವು ನಾಲ್ವರು ನಿಂತಿದ್ದೆವು. ಕಾಕಾ ಕೀಲಿಯನ್ನು ಎಡಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿದ್ದರು. ಅದೇ ಮುಷ್ಟಿಯನ್ನು ಬಲಗೈಯಿಂದ ಎತ್ತಿ ಮುಂದೆ ಚಾಚಿದರು.

"ಎಡಗೈಲೆ ಕೊಡ್ತಾರೇನ್ರಿ? ಒಳ್ಳೇದಲ್ಲ," ಎಂದರು ಕಾಕು.

"ಇಷ್ಟು ವರ್ಷ ಗೇರ್ ಹಾಕಿದ ಕೈ ಇದು. ಇದ ಕೊಡ್ಲಿ."

ಹುಡುಗ ಒಂದು ಕ್ಷಣ ಹಿಂಜರಿದ. ಆಮೇಲೆ ಪ್ರಸಾದಕ್ಕೆ ಹಿಡಿಯುವಂತೆ ಎರಡೂ ಅಂಗೈ ಕೂಡಿಸಿ ಮುಷ್ಟಿಯ ಕೆಳಗೆ ಹಿಡಿದ. ಆ ಕೈ ಮುಚ್ಚುವುದು ಸುಲಭ, ಬಿಚ್ಚುವುದು ಕಷ್ಟ. ಕಾಕಾ ಟ್ಯಾಕ್ಸಿಯನ್ನೇ ನೋಡುತ್ತಿದ್ದರು. ಹುಡುಗ ಅಂಗೈ ಕದಲಿಸದೆ ಕಾದ. ಕೊನೆಗೊಮ್ಮೆ ಒಂದು ಬೆರಳು ಸಡಿಲವಾಗಿ ಕೀಲಿ ಜಾರಿತು. ಕಾಕಾ ಮುಷ್ಟಿಯನ್ನು ಹಾಗೇ ಚಾಚಿಕೊಂಡಿದ್ದರು, ಕಣ್ಣು ಇನ್ನೂ ಟ್ಯಾಕ್ಸಿಯ ಮೇಲೆ.

"ಬಿತ್ತೇನು?" ಎಂದು ಕೇಳಿದರು.

"ಬಿತ್ತು ಅಂತ ಆಗ ಅವರಿಗೆ ಹೇಳಿದವರು ನೀವೇ ಅಲ್ಲೇನ್ರಿ ಕಾಕು?" ಎಂದು ಫೋನಿನಲ್ಲಿ ಕೇಳಿದೆ.

"ನಾ ಎಲ್ಲಿ ಹೇಳ್ದೆ? ನಾ ಅಳಾಕತ್ತಿದ್ದೆ. ನೀನ ಹೇಳಿದಿ ಅಂತ ತಿಳ್ಕೊಂಡೀನಿ ಇಷ್ಟು ದಿನ."

ನಾನಂತೂ ಹೇಳಿರಲಿಲ್ಲ. ಆ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ.