ಮಲ್ಲಿಗಮ್ಮ ಕಟ್ಟಿದ ಹಗ್ಗ

ಪೂರಿಗಾಲಿಯಲ್ಲಿ ರೇಷ್ಮೆಹುಳದ ವಿಚಾರಕ್ಕೆ ಯಾರಿಗೆ ಏನು ಅನುಮಾನ ಬಂದರೂ ಮೊದಲು ಓಡುತ್ತಿದ್ದುದು ಮಲ್ಲಿಗಮ್ಮನ ಬಾಗಿಲಿಗೆ. ಹುಳ ಪೊರೆ ಬಿಡಲು ಕೂತಿದೆಯೋ, ರೋಗಕ್ಕೆ ಬಿದ್ದಿದೆಯೋ ಅನ್ನುವುದನ್ನು ಆಕೆ ಹೊಸಿಲ ಮೇಲೆ ನಿಂತು ಬರೀ ವಾಸನೆಯಲ್ಲೇ ಹೇಳಿಬಿಡುತ್ತಿದ್ದಳು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಹುಳದ ಮನೆಯ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಮೈದುನ ಶಶಿಧರನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಒಂದೇ ಒಂದು ಬೆಳೆ ಕೈಕೊಡಲಿ, ಬೀಗದ ಕೈ ನನ್ನದು ಎಂದು ಅವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅದಕ್ಕೇ ಮಲ್ಲಿಗಮ್ಮನ ಕಟ್ಟುನಿಟ್ಟು ಊರಿಗೇ ಹೆಸರುವಾಸಿ. ಹೊಗೆ, ವಾಸನೆ ಹುಳಕ್ಕೆ ಆಗದು ಎಂದು ಅವಳ ಅಂಗಳದಲ್ಲಿ ಬೀಡಿ ಸೇದುವಂತಿಲ್ಲ, ಗಾಡಿ ತರುವಂತಿಲ್ಲ. ಮದುವೆಗೆ ಕರೆಯಲು ಬಂದವರು ಸೆಂಟು ಪೂಸಿಕೊಂಡಿದ್ದರೆ ಬೀದಿಯಲ್ಲೇ ನಿಂತು ಲಗ್ನಪತ್ರಿಕೆ ಕೊಟ್ಟು ಹೋಗಬೇಕು.

ಹೋದ ವೈಶಾಖದಲ್ಲಿ ಒಂದು ಮಧ್ಯಾಹ್ನ ಇಡೀ ಬೆಳೆ ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಒಂದೊಂದನ್ನೇ ಆಯ್ದು ಬಿದಿರಿನ ಚಂದ್ರಂಕಿ ತಟ್ಟಿಯ ಮೇಲೆ ಬಿಡಬೇಕು, ಅದು ಅಲ್ಲೇ ಗೂಡು ಕಟ್ಟಿಕೊಳ್ಳಬೇಕು. ತಡಮಾಡಿದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು. ಕೆಳಗಿನ ಕೇರಿಯ ಚಿಕ್ಕಮಾದಮ್ಮ ಎಂದಿನಂತೆ ಆಯಲು ಬಂದಳು. ಅವಳ ಗಂಡ ಕೆಂಪರಾಜು ಕಿರುಗಾವಲಿನ ಗಾರೆ ಕೆಲಸ ಅರ್ಧಕ್ಕೇ ಬಿಟ್ಟು ಬೈಕಿನಲ್ಲಿ ಬಂದ. ಆ ಮನೆಯ ಕಟ್ಟಳೆ ತಿಳಿದವನು, ಗಾಡಿಯನ್ನು ಬೀದಿಯಲ್ಲೇ ನಿಲ್ಲಿಸಿದ.

ಆಕಾಶ ಕಪ್ಪಾಗುತ್ತಿತ್ತು. "ಒಳಿಕ್ ತಂದು ನಿಲ್ಸಪ್ಪ, ಮಳೆ ಬತ್ತದೆ. ನಮ್ ಕೆಲ್ಸಕ್ ಬಂದೋನ ಗಾಡಿ ಯಾಕ್ ನೆನೀಬೇಕು" ಎಂದಳು ಮಲ್ಲಿಗಮ್ಮ. ಹನ್ನೊಂದು ವರ್ಷದಲ್ಲಿ ಅವಳು ತನ್ನ ಕಟ್ಟಳೆ ತಾನೇ ಮುರಿದದ್ದು ಅದೇ ಮೊದಲು.

ಹುಳ ತುಂಬಿದ ಚಂದ್ರಂಕಿಗಳು ಅಂಗಳದ ಗೋಡೆಗೆ ಸಾಲಾಗಿ ಒರಗಿದ್ದವು. ಮಳೆ ಹನಿ ಬೀಳದಿರಲೆಂದು ಮಲ್ಲಿಗಮ್ಮ ಮೇಲೆ ಟಾರ್ಪಾಲು ಎಳೆದಳು. ಎರಡು ಮೂಲೆ ಕಿಟಕಿಯ ಸರಳಿಗೆ, ಒಂದು ಮೂಲೆ ಕಂಬಕ್ಕೆ. ನಾಲ್ಕನೆಯದಕ್ಕೆ ಏನೂ ಇರಲಿಲ್ಲ. ಬೈಕಿನ ಹ್ಯಾಂಡಲ್ಲು ಕೈಗೇ ಸಿಗುವಂತಿತ್ತು. ಒಂದು ಗಳಿಗೆಯ ಮಾತು ಎಂದುಕೊಂಡು ಹಗ್ಗವನ್ನು ಅದಕ್ಕೇ ಸುತ್ತಿ, ಎರಡು ಸಲ ಜಗ್ಗಿ, ಗಂಟು ಹಾಕಿದಳು. ಗಂಡ ಹೆಂಡತಿ ಇಬ್ಬರೂ ಒಳಗೆ ಹುಳ ಆಯುತ್ತಿದ್ದರು, ಯಾರೂ ನೋಡಲಿಲ್ಲ.

ಮಳೆ ಬರಲಿಲ್ಲ, ಗಾಳಿ ಬಂತು. ಟಾರ್ಪಾಲು ಉಬ್ಬಿ ಮೇಲೆದ್ದು ಹಗ್ಗವನ್ನು ಜಗ್ಗಿತು. ಬೈಕು ಹಾಗೇ ವಾಲಿ ಚಂದ್ರಂಕಿಗಳ ಮೇಲೆ ಬಿತ್ತು. ಬಿದಿರು ಮುರಿಯಿತು, ಟ್ಯಾಂಕಿನ ಪೆಟ್ರೋಲು ಹುಳಗಳ ಮೇಲೆ ಹರಿಯಿತು. ಆಗಷ್ಟೇ ಕಟ್ಟತೊಡಗಿದ್ದ ಗೂಡುಗಳೊಳಗೆ ಅವು ನುಲಿದು ನುಲಿದು ಸತ್ತವು. ಮಲ್ಲಿಗಮ್ಮ ಬರಿಗೈಯಲ್ಲಿ ಬಾಚಿ ಬಾಚಿ ತೆಗೆದಳು. ಅಂಗಳದ ಹುಳಗಳಲ್ಲಿ ಒಂದೂ ಉಳಿಯಲಿಲ್ಲ.

ಸದ್ದು ಕೇಳಿ ಶಶಿಧರ ಬಂದ, ಹಿಂದೆಯೇ ಪಕ್ಕದ ಮನೆಯ ಶಿವಣ್ಣನವರೂ ಬಂದರು.

"ಯಾವನ್ಲಾ ಇಲ್ಲಿ ಗಾಡಿ ನಿಲ್ಸಿದೋನು?" ಎಂದ ಶಶಿಧರ.

"ನಾನೇ ಕಣಣ್ಣ. ಗಾಳಿ ಬೀಸ್ತು..." ಕೆಂಪರಾಜು ಬೈಕು ಎತ್ತುತ್ತಿದ್ದ.

"ಗಾಳಿನ ಎಳ್ಕಂಡ್ ಬಂದು ನ್ಯಾಯಕ್ ಕೂರ್ಸಕ್ಕಾಯ್ತದಾ? ಗಾಡಿ ನಿಂದು, ಒಣೆ ನಿಂದು."

"ಸ್ಟ್ಯಾಂಡ್ ನೆಟ್ಗೆ ಆಕಿದ್ರೆ ಯಾಕ್ ಬೀಳ್ತಿತ್ತು" ಎಂದರು ಶಿವಣ್ಣ.

ಗಾಳಿ ಬಂದಾಗ ತೂರಿಕೊಳ್ಳುವುದನ್ನು ಶಶಿಧರನಿಗೆ ಯಾರೂ ಕಲಿಸಬೇಕಿರಲಿಲ್ಲ. ಅತ್ತಿಗೆಯ ಕಡೆ ತಿರುಗಿದ. "ಇಲ್ಲಾ, ನೀನೇನಾರ ಒಳಿಕ್ ತತ್ತಾ ಅಂದ್ಯಾ ಅತ್ಗೆ?"

ಮಲ್ಲಿಗಮ್ಮನ ಕೈ ಸೊಂಟದ ಬೀಗದ ಕೈಗೆ ಹೋಯಿತು. "ನಾನ್ಯಾಕ್ ಅನ್ಲಿ" ಎಂದಳು.

ಕೆಂಪರಾಜು ಆಗ ಟಾರ್ಪಾಲಿನ ಮರೆಯಲ್ಲಿ ಹ್ಯಾಂಡಲ್ಲಿನ ಗಂಟು ಬಿಚ್ಚುತ್ತಿದ್ದ. ಅವನ ಬೆರಳು ನಿಂತಿತು. ತಲೆಯೆತ್ತಿ ಒಂದು ಸಲ ಅವಳನ್ನು ನೋಡಿದ. ಆಮೇಲೆ ಗಂಟು ಬಿಚ್ಚಿ, ಹಗ್ಗವನ್ನು ಸುರುಳಿ ಸುತ್ತಿ ಜಗಲಿಯ ಮೇಲಿಟ್ಟ. ನಷ್ಟ ತುಂಬುವವರೆಗೆ ಗಾಡಿ ಇಲ್ಲೇ ಇರಲಿ ಎಂದ ಶಶಿಧರ. ಕೆಂಪರಾಜು ಬೈಕಿನ ಕೀ ಕೊಟ್ಟು ಹೆಂಡತಿಯೊಂದಿಗೆ ನಡೆದುಕೊಂಡು ಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಆದರೆ ಬರೆಯ ಕಬ್ಬಿಣ ಕಾಯಿಸಿದ್ದು ಮಲ್ಲಿಗಮ್ಮ, ಅದು ಅವಳ ಹೊಟ್ಟೆಯಲ್ಲಿ ಆರಲೇ ಇಲ್ಲ.

ಬೀಗದ ಕೈ ಉಳಿಯಿತು. ಬೇರೆಯವರ ಗಾಡಿಯಿಂದಾದ ನಷ್ಟಕ್ಕೆ ಅವಳನ್ನು ಯಾರು ದೂರುತ್ತಾರೆ? ಕೆಂಪರಾಜು ಬಸ್ಸಿಗೆ ಕಾದು ಕಿರುಗಾವಲಿಗೆ ಹೋಗತೊಡಗಿದ. ಬಸ್ಸು ತಪ್ಪಿದ ದಿನ ಕೆಲಸವೂ ಇಲ್ಲ. ಮುಂದಿನ ಬೆಳೆ ಹಣ್ಣಾದಾಗ ಕೆಳಗಿನ ಕೇರಿಯಿಂದ ಯಾರೂ ಬರಲಿಲ್ಲ. ಯಾರೂ ಬೈಯಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ, ಬರಲಿಲ್ಲ ಅಷ್ಟೇ. ಮಲ್ಲಿಗಮ್ಮ ಒಬ್ಬಳೇ ಬೆನ್ನು ಮುರಿಯುವಂತೆ ಆಯ್ದಳು. ಅರ್ಧ ಬೆಳೆ ತಟ್ಟೆಯಲ್ಲೇ ಹೋಯಿತು.

ಶ್ರಾವಣದಲ್ಲಿ ಒಂದು ಸಂಜೆ ತಡೆಯಲಾರದೆ ಕೆಳಗಿನ ಕೇರಿಗೆ ಹೋದಳು. ಕೆಂಪರಾಜು ಬಾಗಿಲಲ್ಲಿ ಕೂತು ಗಾರೆಯ ಕರಣೆ ತೊಳೆಯುತ್ತಿದ್ದ.

"ಅಗ್ಗ ಕಟ್ಟಿದ್ದು ನಾನು ಕಣಪ್ಪ" ಎಂದಳು.

"ಗೊತ್ತು ಕಣವ್ವ. ಬಿಚ್ಚಿದೋನು ನಾನೇ ಅಲ್ವಾ."

"ಆವತ್ತೇ ಯಾಕ್ ಯೇಳ್ಲಿಲ್ಲ ನೀನು?"

"ನಾನ್ ಯೇಳಿದ್ರೆ ಯಾರ್ ನಂಬೋರು? ನೀವ್ ಯೇಳಿದ್ರೆ ನಂಬೋರು." ಅವನು ಕರಣೆಯನ್ನು ಪಕ್ಕಕ್ಕಿಟ್ಟ. "ನನ್ ತಾವ ಯೇಳುದ್ರೆ ನಿಮ್ ಮನ್ಸು ಅಗುರಾಗಬೌದು, ಅಷ್ಟೆಯಾ. ಅಲ್ಲೋಗಿ ಯೇಳಿ."

ಹೇಳಿಯೇ ಹೇಳುತ್ತೇನೆ ಎಂದು ಮಲ್ಲಿಗಮ್ಮ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು. ಮನೆಯ ಜಗಲಿಯ ಮೇಲೆ ಶಶಿಧರ, ಶಿವಣ್ಣ ಇಬ್ಬರೂ ಕೂತಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ.

"ಎಲ್ಗೋಗಿದ್ದೆ ಅತ್ಗೆ?"

ಬಾಯಿ ತೆರೆದಳು. ಸೊಂಟದಲ್ಲಿ ಬೀಗದ ಕೈ ಅಲುಗಿತು.

"ಉಳಕ್ ಸೊಪ್ಪು ನೋಡ್ಕಂಡ್ ಬರನಾ ಅಂತ ಓಗಿದ್ದೆ ಕಣಪ್ಪ."

ಅವರು ತಮ್ಮ ಮಾತು ಮುಂದುವರಿಸಿದರು. ಅಂಗಳದ ಮೂಲೆಯಲ್ಲಿ ಕೆಂಪರಾಜುವಿನ ಬೈಕು ಗಾಳಿ ಇಳಿದ ಚಕ್ರದ ಮೇಲೆ ನಿಂತಿತ್ತು. ಸಂಜೆಯ ಗಾಳಿ ಎದ್ದಿತು. ಮಲ್ಲಿಗಮ್ಮ ಓಡಿಹೋಗಿ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಾಳಿ ನಿಂತ ಮೇಲೂ ಬಿಡಲಿಲ್ಲ.