ಚಿತ್ರದ ಕಾರ್ಡು ಮನೆಗೆ ಬಂದ ವಿಷಯಕ್ಕೆ ಸಂಬಂಧಿಸಿದಂತೆ

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ಈ ಬರಹದಲ್ಲಿ ಕಾಗುಣಿತದ ದೋಷಗಳಿರಬಹುದು; ಅಕ್ಷರವೂ ದುಂಡಾಗಿಲ್ಲ. ಸಿರುಗುಪ್ಪದ ಕಚೇರಿಯೊಂದರ ಎದುರು ಮೇಜು ಹಾಕಿಕೊಂಡು ಹಲವು ವರ್ಷಗಳಿಂದ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಾ ಬಂದಿರುವ ನನ್ನ ಬೆರಳುಗಳಿಗೆ ಪೆನ್ನಿನ ರೂಢಿ ತಪ್ಪಿದೆ. ಖಾತೆ ಬದಲಾವಣೆ, ಪಿಂಚಣಿ, ಕಾಲುವೆ ನೀರಿನ ತಕರಾರು ಇವುಗಳ ಹೊರತು ನಾನು ಏನನ್ನೂ ಬರೆದವನಲ್ಲ. ಸ್ವಂತ ವಿಷಯ ಬರೆಯುತ್ತಿರುವುದು ಇದೇ ಮೊದಲು. ಬೇರೆ ರೀತಿ ತಿಳಿಯದ ಕಾರಣ ಅರ್ಜಿಯ ರೀತಿಯಲ್ಲಿಯೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಮ್ಮ ವಾಸ ಕುರುಗೋಡಿನಲ್ಲಿ. ನಾನು ತೆಕ್ಕಲಕೋಟೆಯ ಮೇಲೆ ಸಿರುಗುಪ್ಪಕ್ಕೆ ಹೋದರೆ, ನನ್ನ ಪತ್ನಿ ಬಳ್ಳಾರಿಯ ಬಸ್ಸು ಹತ್ತಿ ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಹೋಗುತ್ತಿದ್ದಳು. ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ದೂಡಿ ದೂಡಿ ಅವಳ ಬಲಗೈ ಮಣಿಕಟ್ಟು ಊದಿಕೊಂಡು, ಕೊನೆಗೆ ತುಂಬಿದ ತಂಬಿಗೆ ಎತ್ತುವುದೂ ಕಷ್ಟವಾಯಿತು. ಇನ್ನು ಹೊಲಿಗೆ ಬೇಡವೆಂದು ವೈದ್ಯರು ಖಂಡಿತವಾಗಿ ತಿಳಿಸಿದರು. ಆದರೆ ಕೆಲಸ ಬಿಡುವ ಮನಸ್ಸು ಅವಳಿಗಿರಲಿಲ್ಲ. ಅದೇ ಘಟಕದಲ್ಲಿ ಪ್ಯಾಂಟಿನ ತುಂಡುಗಳ ನಮೂನೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ಸ್ಥಾನವೊಂದು ಖಾಲಿ ಇತ್ತು. ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳುವ ಮಾಸ್ತರು ಅವಳಿಗೆ ಒಂದು ವಾರದ ಕಾಲಾವಕಾಶ ನೀಡಿದರು.

“ಬರೋ ಸೋಮವಾರ ನನ್ನೆದುರಿಗೆ ಒಂದು ಪ್ಯಾಂಟಿನ ನಮೂನಿ ತೆಗೆದು ತೋರಿಸ್ರಿ ಅಕ್ಕಾರ. ಬಂತಂದ್ರ ಕುರ್ಚಿ ನಿಮ್ದು. ಬರಲಿಲ್ಲಂದ್ರ ನನಗೇನೂ ಮಾಡಾಕ ಬರಂಗಿಲ್ಲ” ಎಂದರಂತೆ.

ಅಭ್ಯಾಸಕ್ಕೆಂದು ಸಿರುಗುಪ್ಪದಲ್ಲಿ ಮುಚ್ಚಿಹೋದ ಮುದ್ರಣದಂಗಡಿಯೊಂದರ ಹಳೆಯ ಕಂಪ್ಯೂಟರನ್ನು ತಂದೆ. ಅದರ ಪರದೆ ಅಗಲವಾಗಿತ್ತು, ಆದರೆ ಅದರಲ್ಲಿ ಮೂಡುವುದೆಲ್ಲ ಅಡ್ಡಕ್ಕೆ ಎಳೆದಂತಿತ್ತು. ಗುಂಡಿಯ ಗುರುತು ಹಾಕಿದರೆ ಕೋಳಿಮೊಟ್ಟೆಯಾಗಿ ಕಾಣುತ್ತಿತ್ತು. ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿದ್ದವು.

“ಇದರಾಗ ತೆಗೆದ ಪ್ಯಾಂಟು ಆನಿಗೆ ತೊಡಿಸ್ಬೇಕು ನೋಡ್ರಿ” ಎಂದಳು ಪತ್ನಿ. ಆದರೂ ಘಟಕದವರು ಕೊಟ್ಟ ನಮೂನೆಯ ತಂತ್ರಾಂಶ ಹಾಕಿಕೊಂಡು, ನಾಲ್ಕು ದಿನ ಎಡಗೈಯಿಂದ ಮೌಸ್ ಆಡಿಸಿ ಅದರಲ್ಲಿಯೇ ಕಲಿತಳು.

ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹಿರಿಯರೊಬ್ಬರಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದೆ. ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವ ಶಕ್ತಿ ಸಾಲದೆಂದೂ, ಆ ಕೆಲಸಕ್ಕೆಂದೇ ಪ್ರತ್ಯೇಕ ಕಾರ್ಡು ಹಾಕಬೇಕೆಂದೂ ಅವರು ತಿಳಿಸಿದರು. ಶನಿವಾರ ಅವರಲ್ಲಿಯೇ ಬಳಸಿದ ಕಾರ್ಡೊಂದನ್ನು ಖರೀದಿಸಿದೆ. ಅಂಗೈಗಿಂತ ಸ್ವಲ್ಪ ಉದ್ದ, ಮೇಲೊಂದು ಪುಟ್ಟ ಫ್ಯಾನು. ಹಾಕುವ ಕ್ರಮವನ್ನು ಅವರು ಹೇಳಿದಂತೆ ಕಾಗದದಲ್ಲಿ ಬರೆದುಕೊಂಡೆ. ಕರೆಂಟು ತೆಗೆಯಬೇಕು, ಕಾರ್ಡನ್ನು ಉದ್ದನೆಯ ಸಂದಿಯಲ್ಲಿ ಟಕ್ ಎನ್ನುವವರೆಗೆ ಒತ್ತಬೇಕು, ಪರದೆಯ ಕೇಬಲ್ಲನ್ನು ಹಳೆಯ ಜಾಗದಿಂದ ಕಿತ್ತು ಕಾರ್ಡಿಗೇ ಸಿಕ್ಕಿಸಬೇಕು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಮನೆಯಲ್ಲಿ ಯಾವ ಯಂತ್ರವನ್ನೂ ವಿಭೂತಿ ಹಚ್ಚದೆ ಚಾಲೂ ಮಾಡುವ ಪದ್ಧತಿಯಿಲ್ಲ. ನೀರಿನ ಮೋಟರಿಗೂ ಹಚ್ಚಿದ್ದೇವೆ, ಮಿಕ್ಸರಿಗೂ ಹಚ್ಚಿದ್ದೇವೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕಾರ್ಡನ್ನು ದೇವರ ಮುಂದಿಟ್ಟೆ. ಒಂದು ಕಡೆ ಫ್ಯಾನು, ಇನ್ನೊಂದು ಕಡೆ ಮುಳ್ಳು ಮುಳ್ಳಾದ ಬೆಸುಗೆ, ಬೆರಳೂರಲು ಜಾಗವಿಲ್ಲ. ಅಂಚಿನಲ್ಲಿ ಮಾತ್ರ ಚಿನ್ನದ ಬಣ್ಣದ ಪಟ್ಟಿಯೊಂದು ಒರೆಸಿಟ್ಟ ಹೊಸ್ತಿಲಿನಂತೆ ಹೊಳೆಯುತ್ತಿತ್ತು. ದೇವರ ಸಲುವಾಗಿಯೇ ಬಿಟ್ಟ ಜಾಗವೆಂದು ಭಾವಿಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಅಲ್ಲಿ ಎಳೆದೆ. ಒಣಗಿದ ನಂತರ ಬರೆದುಕೊಂಡ ಕ್ರಮದಂತೆ ಕಾರ್ಡನ್ನು ಕೂರಿಸಿ ಸ್ವಿಚ್ ಒತ್ತಿದೆ.

ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು.

ಮತ್ತೆ ಕಿತ್ತು ಹಾಕಿದೆ. ಕೇಬಲ್ ಬಿಗಿ ಮಾಡಿದೆ. ಪತ್ನಿ ಬಾಗಿಲಿಗೆ ಒರಗಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ಮೊದ್ಲು ಮೊಟ್ಟಿನಾದ್ರೂ ಕಾಣ್ತಿತ್ತು” ಎಂದಳು ಮೆಲ್ಲಗೆ. ಅವಳು ಜಗಳವಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ರಿಪೇರಿಯವರಿಗೆ ವಿಡಿಯೋ ಕರೆ ಮಾಡಿದೆ. ಅವರು ಅಂಗಡಿಗೆ ರಜೆಯಿದ್ದ ಕಾರಣ ಮನೆಯಲ್ಲಿ ಊಟಕ್ಕೆ ಕುಳಿತಿದ್ದರು. ಕರೆಂಟು ತೆಗೆದು, ಕಾರ್ಡನ್ನು ಹೊರತೆಗೆದು ಫೋನಿನ ಮುಂದೆ ಹಿಡಿಯಲು ಹೇಳಿದರು. ತುತ್ತು ಬಾಯಿಗೆ ಒಯ್ಯುತ್ತಿದ್ದ ಅವರ ಕೈ ಅಲ್ಲಿಯೇ ನಿಂತಿತು.

“ಅಂಚಿನಾಗ ಅದೇನ್ರೀ ಬೆಳ್ಳಗ?”

“ವಿಭೂತಿ ಸರ್. ಪೂಜಿ ಮಾಡಿದ್ವಿ.”

“ಅಲ್ಲೇ ಹಚ್ಚಬೇಕಿತ್ತೇನ್ರಿ?”

“ಬ್ಯಾರೆ ಜಾಗ ಇರ್ಲಿಲ್ರಿ.”

ಅವರ ಹಿಂದಿನಿಂದ ಹೆಂಗಸೊಬ್ಬರು ತೆಲುಗಿನಲ್ಲಿ ಏನೋ ಹೇಳಿ ನಕ್ಕದ್ದು ಕೇಳಿಸಿತು. ರಿಪೇರಿಯವರು ನಗಲಿಲ್ಲ. “ನೋಡ್ರಿ ಸರ್, ದೇವ್ರು ಎಲ್ಲಾ ಕಡಿ ಅದಾನ. ಕರೆಂಟು ಮಾತ್ರ ಆ ಹಲ್ಲಿನಾಗ ಅಷ್ಟೇ ಹೋಗತೈತಿ. ಪೆನ್ಸಿಲ್ ಅಳಸೋ ರಬ್ಬರ್ ಐತೇನು?”

ಅರ್ಜಿ ಬರೆಯುವವನ ಚೀಲದಲ್ಲಿ ರಬ್ಬರಿಗೆ ಕೊರತೆಯಿಲ್ಲ. ಅವರು ನೋಡುತ್ತಿರುವಂತೆಯೇ ಆ ಪಟ್ಟಿಯನ್ನು ಒಂದೇ ದಿಕ್ಕಿಗೆ ಹಗುರಾಗಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿದೆ. ಆಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ಒಂದೇ ಪಟ್ಟಿಯೆಂದು ತಿಳಿದಿದ್ದದ್ದು ಕೂದಲೆಳೆಯ ಅಂತರದಲ್ಲಿ ಸಾಲಾಗಿ ನಿಂತ ಸಣ್ಣ ಸಣ್ಣ ಹಲ್ಲುಗಳಾಗಿತ್ತು. ಬಣ್ಣ, ಗೆರೆ, ಅಕ್ಷರ ಯಾವುದೇ ಇರಲಿ, ಅದರ ಸಮಾಚಾರವೆಲ್ಲ ಆ ಹಲ್ಲುಗಳ ಮೂಲಕವೇ ಕಾರ್ಡಿಗೆ ತಲುಪಬೇಕೆಂದು ಅವರು ವಿವರಿಸಿದರು. ಕಾಳಿನಷ್ಟೂ ಅಗಲವಿಲ್ಲದ ದಾರಿಗಳು. ಅವುಗಳನ್ನು ಮುಚ್ಚಿದವನು ನಾನೇ.

ಕಾರ್ಡನ್ನು ಪುನಃ ಕೂರಿಸಿದೆ. ಈ ಸಲ ಪರದೆ ಬೆಳಗಿತು, ಆದರೆ ಅಕ್ಷರಗಳು ದಪ್ಪ ದಪ್ಪ, ಮೊಟ್ಟೆ ಮೊಟ್ಟೆಯಾಗಿಯೇ ಇದ್ದವು. ನನ್ನ ಮುಖ ಬಾಡಿದ್ದು ಫೋನಿನಲ್ಲಿ ಅವರಿಗೆ ಕಂಡಿರಬೇಕು. “ಅಂಜಬ್ಯಾಡ್ರಿ. ಕಾರ್ಡು ಬಂದೈತಿ ಅನ್ನೋದು ಕಂಪ್ಯೂಟರಿಗೆ ಇನ್ನಾ ಗೊತ್ತಿಲ್ಲ” ಎಂದರು. ಹೊಸ ನೌಕರ ಬಂದು ಕುರ್ಚಿಯಲ್ಲಿ ಕುಳಿತರೂ ನೇಮಕಾತಿ ಆದೇಶ ಕಚೇರಿಗೆ ತಲುಪದ ಸ್ಥಿತಿಯೆಂದು ನಾನು ಅರ್ಥಮಾಡಿಕೊಂಡೆ. ಆ ಆದೇಶದಂಥ ತಂತ್ರಾಂಶವೊಂದನ್ನು ಮೊಬೈಲಿನ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕಿತ್ತು. ಹಸಿರು ಪಟ್ಟಿ ತುಂಬುವವರೆಗೆ ನಾವಿಬ್ಬರೂ ಅದರ ಮುಂದೆ ಕುಳಿತೆವು. ತುಂಬಿದೊಡನೆ ಪರದೆ ಪುನಃ ಕಪ್ಪಾಯಿತು. ಪತ್ನಿ ನನ್ನ ತೋಳು ಹಿಡಿದಳು.

ನಂತರ ಕಂಡದ್ದನ್ನು ವರ್ಣಿಸಲು ನನ್ನಲ್ಲಿ ಪದಗಳಿಲ್ಲ, ಇದ್ದಷ್ಟನ್ನು ಸಲ್ಲಿಸುತ್ತೇನೆ. ಪರದೆಯ ಎರಡು ಅಂಚುಗಳು ದೂರ ಸರಿದಂತಾಯಿತು. ಅಕ್ಷರಗಳು ಚಿಕ್ಕವಾಗಿ, ಕಡೆದಂತೆ ನಿಂತವು. ಒಂದೇ ನೀಲಿಯೆಂದು ತಿಳಿದಿದ್ದ ಬಣ್ಣದಲ್ಲಿ ಎಷ್ಟೋ ನೀಲಿಗಳು ಒಂದರ ಪಕ್ಕದಲ್ಲೊಂದು ತೆರೆದುಕೊಂಡವು. ಒಗೆದ ಜೀನ್ಸಿನ ಮೊಣಕಾಲಿನ ನೀಲಿಯೂ ಅದರಲ್ಲಿತ್ತು. ಆ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಿವೆಯೆಂದೂ, ಪ್ರತಿಯೊಂದರ ಬಣ್ಣವನ್ನೂ ಆ ಕಾರ್ಡು ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಕಳುಹಿಸುತ್ತದೆಯೆಂದೂ ರಿಪೇರಿಯವರು ಹೇಳಿದರು. ನಾನು ಟೈಪ್ ಮಾಡಿದ ಒಂದು ಅರ್ಜಿ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ತಿಂಗಳು ಹಿಡಿದದ್ದನ್ನು ಕಂಡವನು ನಾನು. ಇಲ್ಲಿ ಒಂದು ಚುಕ್ಕಿಯೂ ಕಾಯುತ್ತಿರಲಿಲ್ಲ. ನನಗೆ ಅರಿವಿಲ್ಲದೆಯೇ ಎದ್ದು ನಿಂತಿದ್ದೆ.

ಪತ್ನಿ ಒಂದು ವೃತ್ತ ಬರೆದಳು. ಕೈಯಿಂದ ಒಂದು ಬಳೆ ತೆಗೆದು ಪರದೆಯ ಗಾಜಿಗೆ ಒತ್ತಿ ಹಿಡಿದು, ವೃತ್ತವನ್ನು ಬಳೆಯ ಅಳತೆಗೆ ಬೆಳೆಸಿದಳು. ಗೆರೆ ಬಳೆಯ ಒಳಸುತ್ತಿನಲ್ಲಿ ಎಲ್ಲಿಯೂ ತಪ್ಪದೆ ಕುಳಿತಿತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಅನಂತರ ತನ್ನ ನಾಲ್ಕು ದಿನದ ನಮೂನೆಗಳನ್ನು ತೆರೆದಳು. ಅವೆಲ್ಲವೂ ಸೊಂಟದಲ್ಲಿ ಸಣಕಲಾಗಿ, ಉದ್ದುದ್ದವಾಗಿ ನಿಂತಿದ್ದವು.

“ಅದು ಅಗಲ ಮಾಡಿ ತೋರಿಸ್ತಿತ್ತು, ನಾ ನಂಬಿ ಎಲ್ಲಾ ಒಳಗ ಎಳದೀನಿ. ಇದನ್ನ ಹಾಕ್ಕೊಂಡಾಂವ ಕುಂದ್ರಾಕ ಆಗಂಗಿಲ್ಲ.”

“ಈಗೇನ್ ಮಾಡ್ತಿ?”

“ಅಳಸ್ತೀನಿ. ನೀವು ಅಕ್ಕಿ ಇಡ್ರಿ.”

ಅಳಿಸಿದಳು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ ಮುಂಭಾಗ, ಹಿಂಭಾಗ, ಜೇಬು, ಸೊಂಟಪಟ್ಟಿ ಎಲ್ಲವನ್ನೂ ಮೊದಲಿನಿಂದ ಬರೆದಳು. ಹನ್ನೆರಡು ವರ್ಷ ಸೂಜಿಯ ಕೆಳಗೆ ಹಾಯ್ದ ಬಾಗುಗಳು ಅವಳ ಕಣ್ಣಿಗೆ ಬಾಯಿಪಾಠವಾಗಿದ್ದವು. ಸುಳ್ಳು ಹೇಳದ ಪರದೆಯೊಂದೇ ಬೇಕಾಗಿತ್ತು. ಅನ್ನ ತಳ ಹಿಡಿದದ್ದು ಅವಳಿಗೆ ತಿಳಿಯಲಿಲ್ಲ. ನಾನೂ ತಿಳಿಸಲಿಲ್ಲ.

ಸೋಮವಾರ ನಾನು ಸಿರುಗುಪ್ಪಕ್ಕೆ ಹೋಗದೆ ಅವಳೊಂದಿಗೆ ಬಳ್ಳಾರಿಗೆ ಹೋದೆ. ಘಟಕದ ಕಂಪ್ಯೂಟರಿನಲ್ಲಿ, ಮಾಸ್ತರರ ಎದುರಿಗೆ, ಅವಳು ಎಡಗೈಯಿಂದಲೇ ನಮೂನೆ ಬರೆದು ಮುಗಿಸಿದಳು. ಮಾಸ್ತರು ಒಂದು ಗುಂಡಿ ಒತ್ತಿದರು. ಮೂಲೆಯಲ್ಲಿದ್ದ ಯಂತ್ರವೊಂದರ ಮೇಲೆ ಹಾಸಿಗೆಯಷ್ಟು ಅಗಲದ ಕಾಗದ ಸರಿಯತೊಡಗಿತು. ಪೆನ್ನೊಂದು ತಾನೇ ಓಡಾಡುತ್ತಾ ಪರದೆಯ ಮೇಲಿದ್ದ ಗೆರೆಗಳನ್ನು ಮನುಷ್ಯನ ಮೈಯಳತೆಯಲ್ಲಿ ಇಳಿಸಿತು. ಬರಿಯ ಬೆಳಕಾಗಿದ್ದದ್ದು ಕೈಗೆ ಸಿಗುವ ವಸ್ತುವಾಗುವುದನ್ನು ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ. ಮಾಸ್ತರು ಟೇಪು ಹಿಡಿದರು, ಹಿಂಭಾಗದ ಬಾಗಿನ ಮೇಲೆ ಹೆಬ್ಬೆರಳು ಓಡಿಸಿದರು, ಇನ್ನೊಮ್ಮೆ ಟೇಪು ಹಿಡಿದರು.

“ಎಡಗೈಲೇ ತೆಗೆದ್ರೇನ್ರಿ ಅಕ್ಕಾರ?”

“ಹೂಂ ರಿ.”

“ಕುಂದರ್ರಿ ಮತ್ತ. ಮೂವತ್ನಾಕರ ಸೊಂಟದ್ದು ಇವತ್ತ ಬೇಕು.”

ಅವಳು ಕುಳಿತಳು. ನನ್ನತ್ತ ತಿರುಗಿ, ಹೋಗಿ ಬನ್ನಿ ಎಂಬಂತೆ ಗದ್ದ ಎತ್ತಿದಳು.

ಮೇಲ್ಕಂಡ ಸಂಗತಿಗಳನ್ನು ನಾನು ಕಂಡಂತೆಯೇ ಬರೆದಿರುತ್ತೇನೆ. ಯಂತ್ರದ ವಿಷಯದಲ್ಲಾಗಲಿ ಭಾಷೆಯ ವಿಷಯದಲ್ಲಾಗಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ನನ್ನ ಮೇಲೆ ದಾಕ್ಷಿಣ್ಯ ತೋರದೆ, ಸ್ಥಳದಲ್ಲಿಯೇ ಗೆರೆ ಹಾಕಿ ತಿದ್ದಿಕೊಡಬೇಕೆಂದು ವಿನಂತಿ.