ಕಂಬ ಹಿಡಿಯದ ಕಂಡಕ್ಟರಮ್ಮ

ಹೆಬ್ಬಾಳದ ಮೂಳೆ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದವರು ರಿಟೈರಾದ ಬಸ್ ಕಂಡಕ್ಟರಮ್ಮ. ಇಬ್ಬರಿಗೂ ಹಿಂದಿನ ದಿನವಷ್ಟೇ ಮಂಡಿ ಆಪರೇಷನ್ ಆಗಿತ್ತು. ಔಷಧಿ ಚೀಟಿಯನ್ನೂ ಅವರು ಉದ್ದಕ್ಕೆ ಮಡಚಿ, ನೋಟಿನಂತೆ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ನೋಡಲು ಬಂದವರಿಗೆಲ್ಲ ಅವರದು ಒಂದೇ ಮಾತು: “ಬಾಗಿಲಲ್ಲಿ ನಿಲ್ಬೇಡಿ, ಒಳಗ್ ಬನ್ನಿ, ಜಾಗ ಐತೆ.”

ಫಿಸಿಯೋಥೆರಪಿಯವಳು ವಾಕರ್ ತಂದು ಅವರ ಮುಂದಿಟ್ಟಳು. “ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ, ಬಿದ್ದ್‌ಗಿದ್ದೀರಾ.”

“ಅಜ್ಜಿನಾ? ಬಾಗಲೂರು ರೂಟಲ್ಲಿ, ಓಡೋ ಬಸ್ಸಲ್ಲಿ, ಕಂಬ ಹಿಡೀದೆ ಟಿಕೆಟ್ ಹರಿದೋಳು ಕಣಮ್ಮ ನಾನು. ಅಲ್ಲಾಡದೇ ಇರೋ ನೆಲದ ಮೇಲೆ ಬೀಳ್ತೀನಾ?”

ವಾಕರ್ ಮೇಲೆ ಎರಡೇ ಬೆರಳಿಟ್ಟು ಎದ್ದರು. ನೋವಿಗೆ ಹಣೆ ಬೆವರಿತು. ಮೂರನೇ ಹೆಜ್ಜೆಗೆ ಕಾಲು ನಡುಗಿದಾಗ ಅವಳು ಕೈ ಚಾಚಿದಳು. ಇವರು ಆ ಕೈ ಹಿಡಿಯಲಿಲ್ಲ. ತಿರುವಿನಲ್ಲಿ ಕಂಡಕ್ಟರುಗಳು ಸೀಟಿಗೆ ಸೊಂಟ ಕೊಟ್ಟು ನಿಲ್ಲುವಂತೆ ನನ್ನ ಮಂಚಕ್ಕೆ ಸೊಂಟ ಕೊಟ್ಟು ನಿಂತರು. ನಡುಕ ನಿಂತಿತು.

ನಾನು ಬೆಳಗಿನಿಂದ ಮಂಚದ ಸರಳನ್ನು ಬಿಗಿಯಾಗಿ ಹಿಡಿದು, ನೆಲಕ್ಕೆ ಕಾಲಿಡಲು ಹೆದರಿ ಕೂತಿದ್ದೆ. ಅವರು ನನ್ನ ಕೈಯನ್ನೇ ನೋಡಿದರು.

“ಅದೇನ್ ಮೇಡಂ, ಬಾಗಿಲಲ್ಲೇ ನೇತಾಡ್ತಿದ್ದೀರಾ? ಮುಂದ್ ಬನ್ನಿ. ಜಾಗ ಐತೆ.”

ಸರಳು ಬಿಟ್ಟೆ.